ನಡುವೆ ಕುಳಿತವರು

1770ರಲ್ಲಿ ಕೆಂಪೆಲೆನ್ ಎಂಬಾತ ವಿಯೆನ್ನಾದ ಅರಮನೆಯಲ್ಲಿ ರಾಣಿ ಮರಿಯಾ ತೆರೇಸಾಳ ಮುಂದೆ ಚದುರಂಗ ಆಡುವ ಗೊಂಬೆಯೊಂದನ್ನು ತಂದಿಟ್ಟ. ರುಮಾಲು ಸುತ್ತಿದ ತುರ್ಕನ ಗೊಂಬೆ, ಅದರ ಮುಂದೆ ಮರದ ಪೆಟ್ಟಿಗೆ. ಪೆಟ್ಟಿಗೆಯ ಬಾಗಿಲುಗಳನ್ನು ಒಂದೊಂದಾಗಿ ತೆರೆದು ಹಲ್ಲುಚಕ್ರ ತೋರಿಸುವಾಗ, ಒಳಗಿದ್ದ ಆಟಗಾರ ಜಾರುವ ಆಸನದ ಮೇಲೆ ಅತ್ತಿತ್ತ ಸರಿದು ಮರೆಯಾಗುತ್ತಿದ್ದ. ಮೋಂಬತ್ತಿ ಬೆಳಕಿನಲ್ಲಿ ಕೂತು ಅವನೇ ಗೊಂಬೆಯ ಕೈ ಆಡಿಸುತ್ತಿದ್ದ. 1809ರಲ್ಲಿ ನೆಪೋಲಿಯನ್ ಕೂಡ ಅದರೊಂದಿಗೆ ಆಡಿದ. ಮನುಷ್ಯ ನಡೆಸುವ ರೋಬಾಟ್‌ಗಳ ಚರಿತ್ರೆ ಶುರುವಾದದ್ದೇ ಆ ಮನುಷ್ಯನನ್ನು ಮುಚ್ಚಿಟ್ಟು.

ನಾನೂ ನಡುವೆ ಕುಳಿತವಳೇ, ಹುಬ್ಬಳ್ಳಿಯಲ್ಲಿ ಊರಿಂದೂರಿಗೆ ಫೋನ್ ಕರೆ ಕೂಡಿಸುವ ಟ್ರಂಕ್ ಆಪರೇಟರ್ ಆಗಿದ್ದವಳು. ತಲೆಗೆ ಹೆಡ್‌ಸೆಟ್, ಎದುರಿಗೆ ಬೋರ್ಡು. ಲೈನು ಕೂಡಿತೋ ಇಲ್ಲವೋ ಎಂದು ತಿಳಿಯಲು ಕಿವಿ ಕೊಡಲೇಬೇಕಿತ್ತು. ಅಷ್ಟರಲ್ಲೇ ಸಾವಿನ ಸುದ್ದಿ, ಹೆಣ್ಣು ನೋಡಿ ಹೋದವರ ಉತ್ತರ, ಸಾಲ ಕೇಳುವವರ ತಡವರಿಕೆ ಎಲ್ಲವೂ ಕಿವಿಗೆ ಬೀಳುತ್ತಿದ್ದವು. ಕೇಳಿದ್ದನ್ನು ಹೊರಗೆ ಆಡಿದರೆ 1885ರ ಟೆಲಿಗ್ರಾಫ್ ಕಾಯಿದೆಯಲ್ಲಿ ಜೈಲು ಶಿಕ್ಷೆಯಿತ್ತು. ಆದರೆ ನಾವು ನಡುವೆ ಇದ್ದೇವೆಂಬುದು ಜನರಿಗೆ ಗೊತ್ತಿತ್ತು. "ಮೂರು ನಿಮಿಷ ಆತ್ರಿ, ಮುಂದುವರಸ್ತೀರೇನ್ರಿ?" ಎಂದು ನಾವೇ ದನಿ ಕೊಡುತ್ತಿದ್ದೆವು. ಮನೆಯ ಗುಟ್ಟು ಬಂದಾಗ "ಉಳಿದದ್ದು ಪತ್ರದಾಗ ಬರೀತೀನಿ" ಎಂದು ಮಾತು ನಿಲ್ಲಿಸಿದವರು ಎಷ್ಟೋ ಮಂದಿ. ಅವರನ್ನು ಕಾಯಿದೆಗಿಂತ ಹೆಚ್ಚಾಗಿ ಕಾದದ್ದು ಆ ತಿಳಿವಳಿಕೆ.

ಯಂತ್ರ ನಮ್ಮನ್ನು ನಡುವಿನಿಂದ ಎಬ್ಬಿಸಿತು. ಅಮೆರಿಕದ ಸ್ಟ್ರೋಜರ್ 1891ರಲ್ಲಿ ಸ್ವಯಂಚಾಲಿತ ಎಕ್ಸ್‌ಚೇಂಜಿಗೆ ಪೇಟೆಂಟ್ ಪಡೆದ. ತನ್ನ ಗಿರಾಕಿಗಳ ಕರೆಯನ್ನು ಆಪರೇಟರ್ ಬೇರೆಯವರಿಗೆ ಕೊಡುತ್ತಾಳೆಂಬ ಗುಮಾನಿಯೇ ಅದಕ್ಕೆ ಕಾರಣವೆನ್ನುತ್ತಾರೆ. ನಮ್ಮ ದೇಶದಲ್ಲಿ 1960ರಲ್ಲಿ ಲಖನೌ-ಕಾನ್ಪುರ ನಡುವೆ, ಆಪರೇಟರ್ ಇಲ್ಲದೆ ನೇರವಾಗಿ ಡಯಲ್ ಮಾಡುವ ಎಸ್‌ಟಿಡಿ ಬಂತು. ಈಗ ದೂರದಿಂದ ನಡೆಸುವ ರೋಬಾಟ್ ಮನುಷ್ಯನನ್ನು ಮತ್ತೆ ನಡುವೆ ತಂದು ಕೂರಿಸುತ್ತಿದೆ. ಈ ಸಲ ಕಿವಿಯ ಜೊತೆಗೆ ಕಣ್ಣೂ ಇದೆ.

ಟೋಕಿಯೋದ ನಿಹೊನ್‌ಬಾಷಿಯಲ್ಲಿ 2021ರಿಂದ ನಡೆಯುತ್ತಿರುವ ಡಾನ್ ಕೆಫೆಯ ಒರಿಹಿಮೆ ರೋಬಾಟ್‌ಗಳನ್ನು ನಡೆಸುವವರಲ್ಲಿ ಹಾಸಿಗೆ ಬಿಟ್ಟೇಳಲಾಗದವರೂ ಇದ್ದಾರೆ. ಕೆಲವರು ಕಣ್ಣೋಟದಿಂದಲೇ ನಡೆಸುತ್ತಾರೆ. ಅವರು ತಮ್ಮ ಪರಿಚಯ ಹೇಳಿಕೊಂಡೇ ಗಿರಾಕಿಗಳೊಂದಿಗೆ ಮಾತಾಡುತ್ತಾರೆ. ನಮ್ಮ ವೃತ್ತಿಯ ಮರ್ಯಾದೆ ನನಗೆ ಅಲ್ಲಿ ಕಾಣುತ್ತದೆ.

2025ರಲ್ಲಿ 1ಎಕ್ಸ್ ಕಂಪನಿ ನಿಯೋ ಎಂಬ ಮನೆಗೆಲಸದ ರೋಬಾಟನ್ನು ಮಾರಾಟಕ್ಕಿಟ್ಟಿತು. ಅದಕ್ಕೆ ಬಾರದ ಕೆಲಸವನ್ನು ಕಂಪನಿಯವರೊಬ್ಬರು ಅದರ ಕ್ಯಾಮೆರಾ ಮೂಲಕ ನೋಡಿ ದೂರದಿಂದ ಮಾಡುತ್ತಾರೆ. ಮಾಲೀಕರ ಒಪ್ಪಿಗೆ ಇದ್ದರೆ ಮಾತ್ರ ಎನ್ನುತ್ತದೆ ಕಂಪನಿ. ಆದರೆ ಮನೆಯಲ್ಲಿ ಮಾಲೀಕರೊಬ್ಬರೇ ಇರುವುದಿಲ್ಲ. ಮಲಗಿದ ಅಜ್ಜಿ, ಪಾತ್ರೆ ತೊಳೆಯಲು ಬಂದಾಕೆ, ನೆಂಟರ ಮಗು, ಇವರಾರೂ ಒಪ್ಪಿಗೆ ಕೊಟ್ಟವರಲ್ಲ. ಆದ್ದರಿಂದ ಆ ಕಡೆ ಯಾರಾದರೂ ಕೂತೊಡನೆ ರೋಬಾಟ್ ಎಲ್ಲರಿಗೂ ಕೇಳುವಂತೆ ಹಾಗೆಂದು ಹೇಳಲೇಬೇಕು. ಕೂತವರಿಗೆ ನಮಗಿದ್ದಂಥದೇ ಕಟ್ಟುನಿಟ್ಟಿನ ಕಾಯಿದೆ ಇರಬೇಕು.