ದ್ರಾಕ್ಷಿತೋಟದ ಮೈಲುತುತ್ತ

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಆ ಹೆಸರು ಬಂದುದು ಅದನ್ನು ಮುಸುಕುವ ಮಂಜಿನಿಂದ. ಯಾತ್ರಿಕರಿಗೆ ಮುದ ನೀಡುವ ಇಂಥ ತೇವವೇ ದ್ರಾಕ್ಷಿ ಬೆಳೆಗಾರನಿಗೆ ಶತ್ರು. ಒದ್ದೆ ಎಲೆಯ ಮೇಲೆ ಬೂಜುರೋಗ ಬೇಗ ಹಬ್ಬುತ್ತದೆ. ಬೆಟ್ಟದ ಬುಡದ ಗುಂಡ್ಲುಪೇಟೆ ಸೀಮೆ ಚೆಂಡುಹೂವಿಗೂ ಅರಿಶಿನಕ್ಕೂ ಹೆಸರುವಾಸಿ; ನಮ್ಮ ರಾಜ್ಯದಲ್ಲಿ ವೈನ್ ದ್ರಾಕ್ಷಿ ಬೇರೂರಿದ್ದು ನಂದಿಬೆಟ್ಟದ ಆಸುಪಾಸಿನಲ್ಲಿ ಮತ್ತು ಉತ್ತರದ ಕೃಷ್ಣಾ ಕಣಿವೆಯಲ್ಲಿ.

ಈ ರೋಗದ ಮದ್ದಿಗೊಂದು ಸ್ವಾರಸ್ಯಕರ ಚರಿತ್ರೆಯಿದೆ. ಫ್ರಾನ್ಸಿನ ಬೋರ್ಡೋ ಪ್ರಾಂತದ ರೈತರು ಹಣ್ಣುಗಳ್ಳರನ್ನು ಹೆದರಿಸಲು ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಬೆರೆಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಟ್ಟದಿರುವುದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ, 1885ರಲ್ಲಿ ಪ್ರಕಟಿಸಿದನು. ಮುಂದೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅದೇ ದ್ರಾವಣದಿಂದ ಮಲೆನಾಡಿನ ಅಡಿಕೆಯನ್ನು ಕೊಳೆರೋಗದಿಂದ ಕಾಪಾಡುವ ವಿಧಾನವನ್ನು ರೂಢಿಗೆ ತಂದರು.

ಸಾವಯವ ದ್ರಾಕ್ಷಿತೋಟದಲ್ಲಿಯೂ ಈ ಮದ್ದಿಗೆ ಅನುಮತಿಯುಂಟು. ಆದರೆ ತಾಮ್ರ ಕರಗಿ ಹೋಗುವುದಿಲ್ಲ, ಮಣ್ಣಿನಲ್ಲಿಯೇ ಉಳಿದು ಎರೆಹುಳುವಿಗೆ ಕೇಡು ಮಾಡುತ್ತದೆ. ಆದುದರಿಂದಲೇ ಐರೋಪ್ಯ ಒಕ್ಕೂಟವು 2019ರಿಂದ ಹೆಕ್ಟೇರಿಗೆ ಏಳು ವರ್ಷಗಳಲ್ಲಿ 28 ಕಿಲೋ ತಾಮ್ರವೆಂಬ ಮಿತಿಯನ್ನು ವಿಧಿಸಿದೆ.

ಕರ್ನಾಟಕವು 2004ರಲ್ಲಿ ಸಾವಯವ ಕೃಷಿ ನೀತಿಯನ್ನೂ 2007ರಲ್ಲಿ ವೈನ್ ನೀತಿಯನ್ನೂ ರೂಪಿಸಿತು. ಇವೆರಡೂ ಒಂದೇ ತೋಟದಲ್ಲಿ ಕೂಡಬೇಕಾದರೆ ಮೊದಲು ಒಂದು ಭ್ರಮೆ ಅಳಿಯಬೇಕು. ಸಾವಯವವೆಂದರೆ ಏನನ್ನೂ ಸಿಂಪಡಿಸದಿರುವುದಲ್ಲ. ಏನನ್ನು, ಎಷ್ಟು ಸಿಂಪಡಿಸಿದೆವೆಂಬುದಕ್ಕೆ ಮಣ್ಣಿಗೆ ಲೆಕ್ಕ ಒಪ್ಪಿಸುವುದು. ನನ್ನ ಶಿಷ್ಯರಲ್ಲಿ ಬೇಸಾಯಕ್ಕೆ ಮರಳಿದವರು ಈ ಲೆಕ್ಕವನ್ನು ಮರೆಯದಿರಲಿ.