ಎಲೈಸಾ ಪರೀಕ್ಷೆಯ ಬೇರು ಪೊರಕೆ ಇಡುವ ಕೋಣೆಯಲ್ಲಿ

ಡೆಂಗಿ ಅನುಮಾನ ಬಂದಾಗ ‘ಎಲೈಸಾ ಮಾಡಿಸಿ’ ಅಂತ ಡಾಕ್ಟರು ಹೇಳುವುದನ್ನು ಕೇಳಿರುತ್ತೀರಿ. ಈ ಪರೀಕ್ಷೆಯ ಬೇರು ಇರುವುದು ನ್ಯೂಯಾರ್ಕಿನಲ್ಲಿ, ಮಾಜಿ ಸೈನಿಕರ ಒಂದು ಆಸ್ಪತ್ರೆಯಲ್ಲಿ.

ರೊಸಾಲಿನ್ ಯಾಲೊ ಭೌತಶಾಸ್ತ್ರ ಓದಿದ ಹೆಣ್ಣುಮಗಳು. ಪೊರಕೆ, ಬಕೆಟ್ ಇಡುತ್ತಿದ್ದ ಕೋಣೆಯನ್ನೇ ಲ್ಯಾಬ್ ಮಾಡಿಕೊಂಡರು. 1950ರಲ್ಲಿ ಡಾಕ್ಟರ್ ಸಾಲಮನ್ ಬರ್ಸನ್ ಜೊತೆಯಾದರು. ಆಗ ಸಕ್ಕರೆ ಕಾಯಿಲೆಯವರಿಗೆ ದನ, ಹಂದಿಯ ಇನ್ಸುಲಿನ್ನೇ ಗತಿ. ಅದನ್ನು ಚುಚ್ಚಿಸಿಕೊಂಡವರ ಮೈ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ ಎಂದು ಇಬ್ಬರೂ ಕಂಡುಕೊಂಡರು. ಪತ್ರಿಕೆಯೊಂದು ಇದನ್ನು ನಂಬದೆ 1955ರಲ್ಲಿ ಲೇಖನ ವಾಪಸ್ ಕಳಿಸಿತು. ಯಾಲೊ ಆ ಪತ್ರವನ್ನು ಜೋಪಾನವಾಗಿ ಎತ್ತಿಟ್ಟರು.

ಆ ಪ್ರತಿಕಾಯವನ್ನೇ ಅವರು ಅಳತೆಗೋಲು ಮಾಡಿದರು. ಬಸ್ಸಿನ ಸೀಟು ನೆನೆಸಿಕೊಳ್ಳಿ. ಪ್ರತಿಕಾಯವೆಂಬ ಸೀಟುಗಳು ಇಂತಿಷ್ಟೇ. ವಿಕಿರಣದ ಗುರುತು ಹಾಕಿದ ಇನ್ಸುಲಿನ್ನೂ ರೋಗಿಯ ಇನ್ಸುಲಿನ್ನೂ ಸೀಟಿಗೆ ಪೈಪೋಟಿ ನಡೆಸುತ್ತವೆ. ಗುರುತಿನವು ಕಡಿಮೆ ಕೂತಿದ್ದರೆ ರೋಗಿಯದು ಜಾಸ್ತಿ ಇದೆ ಅಂತ ಲೆಕ್ಕ. 1960ರ ಹೊತ್ತಿಗೆ ವಿಧಾನ ಪಕ್ಕಾ ಆಯಿತು. ಇಬ್ಬರೂ ಪೇಟೆಂಟ್ ಮಾಡಿಸಲಿಲ್ಲ. ಮಾಡಿಸಿದ್ದರೆ ಕೋಟಿಗಟ್ಟಲೆ ಬರುತ್ತಿತ್ತು. ನನಗೆ ದೊಡ್ಡದಾಗಿ ಕಾಣುವುದು ಅದೇ. ಬರ್ಸನ್ 1972ರಲ್ಲಿ ತೀರಿಕೊಂಡರು. 1977ರ ನೊಬೆಲ್ ಯಾಲೊಗೆ ಬಂತು. ಸತ್ತವರಿಗೆ ನೊಬೆಲ್ ಕೊಡುವ ಪದ್ಧತಿ ಇಲ್ಲವಲ್ಲ. ವಾಪಸ್ ಬಂದಿದ್ದ ಆ ಪತ್ರವನ್ನು ಯಾಲೊ ತಮ್ಮ ನೊಬೆಲ್ ಭಾಷಣದಲ್ಲೇ ತೋರಿಸಿದರು!

ಆದರೆ ವಿಕಿರಣ ಅಪಾಯ, ಎಲ್ಲ ಕಡೆ ಇಟ್ಟುಕೊಳ್ಳಲಾಗದು. 1971ರಲ್ಲಿ ಸ್ಟಾಕ್‌ಹೋಮಿನ ಇವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ಅದರ ಜಾಗದಲ್ಲಿ ಕಿಣ್ವ ಜೋಡಿಸಿದರು. ನೆದರ್‌ಲ್ಯಾಂಡ್ಸ್‌ನಲ್ಲೂ ಇಬ್ಬರು ಅದೇ ಸಮಯಕ್ಕೆ ಅದನ್ನೇ ಮಾಡಿದ್ದರು. ಕಿಣ್ವ ಬಣ್ಣ ಬರಿಸುತ್ತದೆ, ಬಣ್ಣ ಎಷ್ಟು ಗಾಢ ಅಂತ ಯಂತ್ರ ಓದುತ್ತದೆ. ಇದೇ ಎಲೈಸಾ.

ಈಗ ಇದರ ಕಿಟ್ ಸಿದ್ಧ ಡಬ್ಬಿಯಲ್ಲಿ ಬರುತ್ತದೆ: 96 ಪುಟ್ಟ ಗುಳಿಗಳ ಪ್ಲೇಟು, ಜೊತೆಗೆ ದ್ರಾವಣದ ಶೀಶೆಗಳು. ಎಸ್‌ಒಡಿ-2 ಎಂಬ ಕಿಣ್ವ ಅಳೆಯುವ ಕಿಟ್ಟೂ ಇದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿ, ಒಲೆಯಿಂದ ಕಿಡಿ ಹಾರಿದ ಹಾಗೆ, ಅಪಾಯಕಾರಿ ಆಮ್ಲಜನಕ ಹುಟ್ಟುತ್ತಿರುತ್ತದೆ. ಅದನ್ನು ಶಮನ ಮಾಡುವುದೇ ಈ ಕಿಣ್ವದ ಕೆಲಸ. ಗುಳಿಯ ತಳದ ಪ್ರತಿಕಾಯ ಅದನ್ನು ಹಿಡಿಯುತ್ತದೆ, ಮೇಲಿಂದ ಇನ್ನೊಂದು ಪ್ರತಿಕಾಯ ಬಂದು ಕೂರುತ್ತದೆ, ಆಮೇಲೆ ಬಣ್ಣ. ಒಂದು ಕಿಣ್ವವನ್ನು ಅಳೆಯಲು ಇನ್ನೊಂದು ಕಿಣ್ವ!

ಇಂಥ ಎಷ್ಟೋ ಕಿಟ್ಟುಗಳ ಡಬ್ಬಿ ಮೇಲೆ ‘ಸಂಶೋಧನೆಗೆ ಮಾತ್ರ’ ಎಂದು ಅಚ್ಚಾಗಿರುತ್ತದೆ. ಅಂಥದ್ದರ ರಿಪೋರ್ಟ್ ಹಿಡಿದು ಯಾರಾದರೂ ನಿಮಗೆ ರೋಗ ಇದೆ ಅಂದರೆ, ದುಡ್ಡು ಕೊಡುವ ಮೊದಲು ಡಬ್ಬಿ ತೋರಿಸಿ ಅನ್ನಿ.