ಮಿಂಟ್ ಸ್ಟ್ರೀಟ್ ಕಚೋರಿ, ರಾಯಪುರಂ ಡಾಕ್ಟರು ಮತ್ತು ನನ್ನ ಸೊಂಟದ ಅಳತೆ

ಈ ಸಲದ ಮಾತು ಸೌಕಾರ್‌ಪೇಟೆಯಿಂದ. ವಿಡಿಯೋದಲ್ಲಿ ಹಾರ್ನ್ ಸದ್ದಿಗೆ ಅರ್ಧ ಮಾತು ಮುಳುಗಿಹೋಗಿದೆ, ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದೀನಿ.

ಮೂರು ವರ್ಷದಿಂದ ನಾನಿರೋದು ಮಿಂಟ್ ಸ್ಟ್ರೀಟ್ ಪಕ್ಕದ ಗಲ್ಲಿಯಲ್ಲಿ, ಕೆಲಸ ಓಎಂಆರ್‌ನಲ್ಲಿ. ರಾತ್ರಿ ಒಂಬತ್ತಕ್ಕೆ ವಾಪಸ್ ಬಂದ ಮೇಲೆ ಒಲೆ ಹಚ್ಚೋಕೆ ಮನಸ್ಸೇ ಬರಲ್ಲ. ಕೆಳಗಿಳಿದರೆ ಕಚೋರಿ, ಆಲೂ ಟಿಕ್ಕಿ, ಎರಡು ಮುರುಕ್ಕಿನ ನಡುವೆ ಸೌತೆಕಾಯಿ ಟೊಮೆಟೊ ಇಟ್ಟು ಕೊಡೋ ಮುರುಕ್ಕು ಸ್ಯಾಂಡ್‌ವಿಚ್. ಸೌತೆಕಾಯಿ ಇದೆಯಲ್ಲ, ಸಲಾಡ್ ಅಂತಲೇ ಲೆಕ್ಕ ಹಾಕ್ಕೊಂಡಿದ್ದೆ. ಎತ್ತರ 172, ತೂಕ 71. ಆ್ಯಪ್‌ನಲ್ಲಿ ಹಸಿರು ಬಣ್ಣ. ಆಮೇಲೆ ಹೆಲ್ತ್ ಚೆಕಪ್‌ನಲ್ಲಿ ಎಚ್‌ಬಿಎ1ಸಿ 6.1 ಬಂತು. ಡಯಾಬಿಟಿಸ್ ಅಲ್ಲ, ಅದರ ಹೊಸ್ತಿಲು. ನಮ್ಮಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಒಂದು ಬೆರಳು ಹೋಗಿದೆ. ಹಾಗಾಗಿ ಆ ರಾತ್ರಿ ನಿದ್ದೆ ಬರಲಿಲ್ಲ.

ಸಾಹುಕಾರರ ಪೇಟೆ, ಸೌಕಾರ್‌ಪೇಟೆ. ಲೇವಾದೇವಿ, ಬಟ್ಟೆ, ಬೆಳ್ಳಿ ಬಂಗಾರದ ವ್ಯಾಪಾರಕ್ಕೆ ಬಂದ ಮಾರ್ವಾಡಿ, ಗುಜರಾತಿ ಕುಟುಂಬಗಳು ತಮ್ಮ ತುಪ್ಪದ ಅಡುಗೆಯನ್ನೂ ಜೊತೆಗೆ ತಂದವು. ಆದರೆ ಜೊತೆಗೆ ಇನ್ನೊಂದೂ ಬಂತು. ವ್ರತ ಹಿಡಿದ ಜೈನರು ಸೂರ್ಯ ಮುಳುಗಿದ ಮೇಲೆ ಏನೂ ತಿನ್ನಲ್ಲ, ‘ಚೌವಿಹಾರ್’ ಅಂತಾರೆ. ನಮ್ಮ ಉಡುಪಿ ಕಡೆಯ ಮಾಧ್ವರ ಚಾತುರ್ಮಾಸ್ಯದಲ್ಲೂ ತಿಂಗಳಿಗೊಂದರಂತೆ ತರಕಾರಿ, ಮೊಸರು, ಹಾಲು, ಬೇಳೆ ಬಿಡೋದಿದೆ. ಇವೆಲ್ಲ ತೂಕ ಇಳಿಸೋಕೆ ಹುಟ್ಟಿದ್ದಲ್ಲ, ಜೈನರದ್ದು ಅಹಿಂಸೆಯ ವಿಚಾರ. ಆದರೂ ತಿನ್ನೋದಕ್ಕೆ ಒಂದು ಗಡಿಯಾರ ಇತ್ತು. ನಾನು ಅದೇ ಬೀದಿಯ ಜಿಲೇಬಿಯನ್ನ ಮಾತ್ರ ತಗೊಂಡೆ, ಅದೂ ರಾತ್ರಿ ಹತ್ತಕ್ಕೆ.

ಕನ್ನಡಿಗರ ಕೈವಾಡವೂ ಇದೆ. ಕಡಂದಲೆಯಿಂದ ಬಂದ ಕೆ. ಕೃಷ್ಣರಾಯರು 1920ರ ದಶಕದಲ್ಲಿ ಹೋಟೆಲ್ ಶುರುಮಾಡಿದ್ದು ಇಲ್ಲೇ, ಜಾರ್ಜ್‌ಟೌನ್‌ನ ಆಚಾರಪ್ಪನ್ ಬೀದಿಯಲ್ಲಿ. ಆಮೇಲೆ ಮೌಂಟ್ ರೋಡ್, ವುಡ್‌ಲ್ಯಾಂಡ್ಸ್, 1962ರಲ್ಲಿ ಡ್ರೈವ್-ಇನ್. ಅದು 2008ರಲ್ಲಿ ಮುಚ್ಚಿತು. ಮನೆ ಬಿಟ್ಟು ದುಡಿಯೋಕೆ ಬಂದವನಿಗೆ ಶುಚಿಯಾದ ಊಟ ಸಿಗಬೇಕು ಅನ್ನೋದು ಆಗಿನ ಸಮಸ್ಯೆ. ಈಗ ಊಟ ಸಿಗದ ಹೊತ್ತೇ ಇಲ್ಲ.

ಸೌಕಾರ್‌ಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಸ್ಟ್ಯಾನ್ಲಿ ಆಸ್ಪತ್ರೆ ಇದೆ. 1948ರಲ್ಲಿ ಡಾ. ಎಂ. ವಿಶ್ವನಾಥನ್ ಅಲ್ಲಿ ಡಯಾಬಿಟಿಸ್‌ಗೇ ಅಂತ ಕ್ಲಿನಿಕ್ ತೆರೆದರು. 1954ರಲ್ಲಿ ರಾಯಪುರಂನಲ್ಲಿ ಸ್ವಂತ ಆಸ್ಪತ್ರೆ. ಅವರು ಅನ್ನ ಚಪಾತಿ ಪೂರ್ತಿ ಬಿಡಿ ಅನ್ನಲಿಲ್ಲ. ನಾರು ಹೆಚ್ಚಿರೋ ಕಾಳು, ತರಕಾರಿ, ಧಾನ್ಯದ ಊಟವನ್ನೇ ಪಥ್ಯ ಮಾಡಿದರು. ಕೀಟೋ ಅಂತ ಓಡಾಡೋ ನಮ್ಮ ಟೀಮಿನವರಿಗೆ ಇದನ್ನ ಹೇಳಿ ಬೈಸಿಕೊಂಡಿದೀನಿ.

ಇದರ ಮುಂದಿನ ಅಧ್ಯಾಯವೇ ನನಗೆ ತುಂಬಾ ಮುಖ್ಯ ಅನ್ನಿಸಿದ್ದು. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತವರ ತಂಡ ನನ್ನ ಹಾಗೇ ಹೊಸ್ತಿಲಲ್ಲಿ ನಿಂತಿದ್ದ 531 ಜನರನ್ನ ನಾಲ್ಕು ಗುಂಪು ಮಾಡಿ ಮೂರು ವರ್ಷ ಗಮನಿಸಿತು. ಒಂದು ಗುಂಪಿಗೆ ಸಾಮಾನ್ಯ ಸಲಹೆ ಅಷ್ಟೇ. ಇನ್ನೊಂದಕ್ಕೆ ಸಕ್ಕರೆ, ಮೈದಾ, ಎಣ್ಣೆ ಕಡಿಮೆ ಮಾಡಿ, ನಾರು ಹೆಚ್ಚಿಸಿ, ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೀರಿ ಅನ್ನೋ ನಿರಂತರ ಮಾರ್ಗದರ್ಶನ. ಮೂರನೆಯದಕ್ಕೆ ಮೆಟ್‌ಫಾರ್ಮಿನ್ ಮಾತ್ರೆ, ನಾಲ್ಕನೆಯದಕ್ಕೆ ಎರಡೂ. 2006ರಲ್ಲಿ ಫಲಿತಾಂಶ ಬಂತು. ಮೊದಲ ಗುಂಪಿನಲ್ಲಿ ಶೇ. 55 ಜನಕ್ಕೆ ಡಯಾಬಿಟಿಸ್ ಬಂದಿತ್ತು, ಎರಡನೆಯದರಲ್ಲಿ ಸುಮಾರು ಶೇ. 39. ಮಾತ್ರೆ ಸೇರಿಸಿದರೂ ಅದಕ್ಕಿಂತ ಹೆಚ್ಚು ಲಾಭ ಕಾಣಲಿಲ್ಲ. ಇನ್ನೂ ವಿಚಿತ್ರ ಅಂದ್ರೆ, ಆ ಗುಂಪಿನ ಸರಾಸರಿ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ತೂಕ ಇಳಿಸೋದು ದಂಡ ಅಂತ ಅರ್ಥ ಮಾಡ್ಕೋಬೇಡಿ. ಅಮೆರಿಕದಲ್ಲಿ 2002ರ ಇಂಥದ್ದೇ ಪ್ರಯೋಗದಲ್ಲಿ ತೂಕ ಇಳಿಸಿದವರಿಗೆ ದೊಡ್ಡ ಲಾಭವೇ ಸಿಕ್ಕಿತ್ತು. ಆದರೆ ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲ ಅಂತ ಎರಡನೇ ವಾರಕ್ಕೇ ವಾಕಿಂಗ್ ಬಿಟ್ಟಿದ್ದ ನನ್ನಂಥವನಿಗೆ ಈ ಸಂಖ್ಯೆ ಕಪಾಳಕ್ಕೆ ಹೊಡೆದ ಹಾಗಿತ್ತು.

ನಮ್ಮ ಕಸುಬಿಗೆ ಹತ್ತಿರದ್ದು 2013ರ ಪ್ರಯೋಗ. ಅದೇ ತಂಡ, ಕೆಲಸದಲ್ಲಿರೋ 537 ಗಂಡಸರು. ಅರ್ಧದಷ್ಟು ಜನಕ್ಕೆ ಎರಡು ವರ್ಷ ಮೊಬೈಲಿಗೆ ಎಸ್ಸೆಮ್ಮೆಸ್ ನೆನಪೋಲೆ ಕಳಿಸಿದರು, ಅಷ್ಟೇ. ಡಯಾಬಿಟಿಸ್ ಬಂದವರು ಶೇ. 27ರ ಜಾಗದಲ್ಲಿ 18. ಆ್ಯಪ್ ಇಲ್ಲ, ವಾಚ್ ಇಲ್ಲ. ಡ್ಯಾಶ್‌ಬೋರ್ಡ್ ಕಟ್ಟೋದೇ ಜೀವನ ಮಾಡ್ಕೊಂಡಿರೋನು ನಾನು, ಸ್ವಲ್ಪ ನಾಚಿಕೆ ಆಯ್ತು.

ಇನ್ನೊಂದು ವಿಷಯ. ಆ್ಯಪ್‌ನ ಹಸಿರು ಗೆರೆ 25ರವರೆಗೆ. ಏಷ್ಯಾದವರು ಬಿಎಂಐ 23ಕ್ಕೇ ಎಚ್ಚರ ಆಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಹೇಳಿದಾರೆ. ನನ್ನದು 24. ಸೊಂಟಕ್ಕೆ ನಮ್ಮಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ಕೆಳಗಿನ ಟೈಲರ್ ಹತ್ರ ಟೇಪ್ ಇಸ್ಕೊಂಡು ಅಳೆದೆ, 93.

ಈಗ ಬೆಳಿಗ್ಗೆಯೇ ಎರಡು ಡಬ್ಬಿ ಕಟ್ಟಿಕೊಂಡು ಹೋಗ್ತೀನಿ. ಸಂಜೆ ಏಳಕ್ಕೆ ಎರಡನೇದು, ಹೆಸರುಕಾಳು ಉಸಲಿ, ಒಂದು ಚಪಾತಿ, ಆಫೀಸಲ್ಲೇ ಮುಗಿಸ್ತೀನಿ. ರಾತ್ರಿ ಬಂದು ಮಿಂಟ್ ಸ್ಟ್ರೀಟ್‌ನಲ್ಲಿ ಅರ್ಧ ಗಂಟೆ ನಡೀತೀನಿ. ಆ ಜನದಟ್ಟಣೆಯಲ್ಲಿ ಚುರುಕಾಗಿ ನಡೆಯೋದು ಅಂದ್ರೆ ಸ್ಕೂಟರ್‌ಗಳ ನಡುವೆ ಕಬಡ್ಡಿ. ಕಚೋರಿ ಶನಿವಾರ ಒಂದು. ಮುಂದಿನ ರಕ್ತಪರೀಕ್ಷೆ ಮೂರು ತಿಂಗಳಿಗೆ. ನಂಬರ್ ಏನೇ ಬರಲಿ, ಇಲ್ಲೇ ಹೇಳ್ತೀನಿ.